ಹಾರ್ಪರ್ಸ್ ಫೆರಿ: ಎಂಟು ಸಲ ಕೈ ಬದಲಾದ ಹೊಳೆದಂಡೆಯ ಊರು

ಶುಕ್ರವಾರ

ಅಮೆರಿಕದ ಅಂತರ್ಯುದ್ಧ ಅಂದರೆ ನಮಗೆ ನೆನಪಾಗೋದು ದೊಡ್ಡ ಹೆಸರುಗಳು. ಲಿಂಕನ್, ಲೀ, ಗ್ರಾಂಟ್, ಗೆಟ್ಟಿಸ್‌ಬರ್ಗ್. ಎರಡೂ ಕಡೆಯ ಸೈನ್ಯ ಬಂದು ಹೋಗುತ್ತಿದ್ದ ಊರಲ್ಲಿ ಒಲೆ ಹಚ್ಚಿ ಅಡುಗೆ ಮಾಡುತ್ತಿದ್ದವರ ಗತಿ ಏನಾಯಿತು? ನಾನು ಈ ಊರಿಗೆ ಹೊರಟಿದ್ದೇ ಅದನ್ನು ತಿಳಿಯೋಕೆ. ಊರು ಹಾರ್ಪರ್ಸ್ ಫೆರಿ. ಈಗ ಅಲ್ಲಿ ಮುನ್ನೂರು ಜನವೂ ಇಲ್ಲ. ಯುದ್ಧಕ್ಕೆ ಮುಂಚೆ, ಪಕ್ಕದ ಬೊಲಿವರ್ ಸೇರಿಸಿದರೆ, ಸುಮಾರು ಮೂರು ಸಾವಿರ ಜನ ಇದ್ದರು.

ಹುಬ್ಬಳ್ಳಿಯಿಂದ ಅಪ್ಪ ಬಂದಿದ್ದರು. ಅವರು ರೈಲ್ವೆ ವರ್ಕ್‌ಶಾಪಿನಲ್ಲಿ ದುಡಿದು ನಿವೃತ್ತರಾದವರು. ಹಾಗಾಗಿ ಕಾರು ಬೇಡ, ರೈಲಲ್ಲೇ ಹೋಗೋಣ ಅಂದುಕೊಂಡೆವು. ನಮ್ಮವರು ಮರುದಿನ ಕಾರು ತರುವುದಾಗಿ ಹೇಳಿದರು. ವಾಷಿಂಗ್ಟನ್‌ನ ಯೂನಿಯನ್ ಸ್ಟೇಷನ್‌ನಿಂದ ಸಂಜೆ ಹೊತ್ತು ಮಾರ್ಕ್ ಲೋಕಲ್ ಗಾಡಿ ಹೊರಡುತ್ತದೆ. ಪಾಯಿಂಟ್ ಆಫ್ ರಾಕ್ಸ್ ದಾಟಿದ ಮೇಲೆ ಎಡಗಡೆಗೆ ಪೊಟೊಮ್ಯಾಕ್ ನದಿ ಜೊತೆಗೇ ಬರುತ್ತದೆ. ಅಕ್ಟೋಬರ್ ತಿಂಗಳು. ನೀರು ಕಡಿಮೆ, ಬಂಡೆಗಳು ಜಾಸ್ತಿ. ದಡದ ಮರಗಳೆಲ್ಲ ಹಳದಿ, ಕೆಂಪು.

ಕೊನೆಗೆ ಗಾಡಿ ಗುಡ್ಡದೊಳಗಿನ ಸುರಂಗಕ್ಕೆ ನುಗ್ಗುತ್ತದೆ. ಹೊರಗೆ ಬಂದ ಕೂಡಲೇ ಸೇತುವೆ, ಕೆಳಗೆ ನದಿ, ಎದುರಿಗೇ ಊರು. ಪಕ್ಕದಲ್ಲಿ ಹಳೇ ಸೇತುವೆಯ ಕಲ್ಲಿನ ಕಂಬಗಳು ನೀರಲ್ಲಿ ಹಾಗೇ ನಿಂತಿವೆ. ಅಪ್ಪ ಕಿಟಕಿಗೆ ಮುಖ ಒತ್ತಿ ಅವನ್ನೇ ನೋಡುತ್ತಿದ್ದರು. ಯುದ್ಧದ ನಾಲ್ಕು ವರ್ಷದಲ್ಲಿ ಇಲ್ಲಿನ ರೈಲು ಸೇತುವೆ ಒಂಬತ್ತು ಸಲ ಹಾಳಾಗಿ ಒಂಬತ್ತು ಸಲವೂ ಮತ್ತೆ ಎದ್ದಿತು ಅಂತ ನಾನು ಹೇಳಿದೆ.

"ಒಂಬತ್ತ ಸಲಾನ? ಕಟ್ಟಿದ ಮಂದೀದು ಎಂಥಾ ಗಟ್ಟಿ ಜೀವ ಇರಬೇಕವ್ವಾ" ಅಂದರು.

ಇಳಿದ ಮೇಲೆ ಕತ್ತಲಾಗುವ ಮುಂಚೆ ಸಂಗಮಕ್ಕೆ ಹೋದೆವು. ಒಂದು ಕಡೆಯಿಂದ ಪೊಟೊಮ್ಯಾಕ್, ಇನ್ನೊಂದು ಕಡೆಯಿಂದ ಶೆನಾಂಡೋವಾ. ನಾವು ನಿಂತ ನೆಲ ವೆಸ್ಟ್ ವರ್ಜೀನಿಯಾ, ಬಲಕ್ಕೆ ವರ್ಜೀನಿಯಾ, ಎಡಕ್ಕೆ ಮೇರಿಲ್ಯಾಂಡ್. 1747ರಲ್ಲಿ ರಾಬರ್ಟ್ ಹಾರ್ಪರ್ ಅನ್ನುವವನು ಇಲ್ಲಿ ನೆಲೆಸಿ ಜನರನ್ನು ದೋಣಿಯಲ್ಲಿ ದಾಟಿಸುತ್ತಿದ್ದ. ಊರಿಗೆ ಹೆಸರು ಬಂದಿದ್ದು ಆ ಹರಿಗೋಲಿನಿಂದಲೇ. ಸುತ್ತ ಮೂರು ಗುಡ್ಡ: ಮೇರಿಲ್ಯಾಂಡ್ ಹೈಟ್ಸ್, ಲೌಡನ್ ಹೈಟ್ಸ್, ಬೊಲಿವರ್ ಹೈಟ್ಸ್. ಊರು ಒರಳಿನ ತಳದಲ್ಲಿದ್ದ ಹಾಗೆ ಇದೆ. ಗುಡ್ಡ ಹತ್ತಿದವರ ಕೈಯಲ್ಲಿ ಊರು. ಈ ಒಂದು ಮಾತು ಗೊತ್ತಾದರೆ ಇಲ್ಲಿನ ಯುದ್ಧದ ಕಥೆ ಅರ್ಧ ತಿಳಿದ ಹಾಗೆ.

ಶನಿವಾರ

ಬೆಳಿಗ್ಗೆ ಕೆಳಗಿನ ಪೇಟೆ ಸುತ್ತಿದೆವು. ಕಲ್ಲಿನ ಮನೆಗಳು, ಕಿರಿದಾದ ಬೀದಿಗಳು. ಒಂದು ಗೋಡೆಯ ಮೇಲೆ ಯಾವ ವರ್ಷ ನೆರೆ ಎಲ್ಲಿವರೆಗೆ ಬಂತು ಅಂತ ಗುರುತು ಹಾಕಿದ್ದಾರೆ. ಎಲ್ಲಕ್ಕಿಂತ ಮೇಲಿರೋದು 1936ರದ್ದು. ಕತ್ತು ಪೂರ್ತಿ ಎತ್ತಿ ನೋಡಬೇಕು.

ಈ ಊರು ಬೆಳೆದಿದ್ದು ಬಂದೂಕಿನಿಂದ. ನೀರಿನ ಬಲದಿಂದ ಯಂತ್ರ ತಿರುಗಿಸಬಹುದು ಅಂತ ಜಾರ್ಜ್ ವಾಷಿಂಗ್ಟನ್ ಈ ಜಾಗ ಆರಿಸಿದರು. ಸರ್ಕಾರದ ಬಂದೂಕು ಕಾರ್ಖಾನೆ ಇಲ್ಲಿ 1861ರ ತನಕ ಆರು ಲಕ್ಷಕ್ಕೂ ಜಾಸ್ತಿ ಬಂದೂಕು, ಪಿಸ್ತೂಲು ತಯಾರಿಸಿತು. ಪೊಟೊಮ್ಯಾಕ್ ದಡದುದ್ದಕ್ಕೂ ಶೆಡ್ಡುಗಳು. ಶೆನಾಂಡೋವಾ ದಡದಲ್ಲಿ ಜಾನ್ ಹಾಲ್ ಎಂಬ ಕುಶಲಿಯ ರೈಫಲ್ ಕಾರ್ಖಾನೆ. ಒಂದು ಬಂದೂಕಿನ ಬಿಡಿಭಾಗ ಇನ್ನೊಂದಕ್ಕೂ ಸರಿಯಾಗಿ ಕೂರುವ ಹಾಗೆ ಯಂತ್ರದಲ್ಲೇ ಮಾಡುವ ವಿದ್ಯೆ ಅಲ್ಲಿ ಪಳಗಿತು. ಇದನ್ನು ಕೇಳಿ ಅಪ್ಪನಿಗೆ ಎಲ್ಲಿಲ್ಲದ ಉತ್ಸಾಹ. ಮ್ಯೂಸಿಯಮ್ಮಿನಲ್ಲಿ ಹಳೇ ಯಂತ್ರಗಳ ಮುಂದೆ ಬಹಳ ಹೊತ್ತು ನಿಂತರು, ಬೆಲ್ಟು ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಅಂತ ಬೆರಳಲ್ಲೇ ಗೆರೆ ಎಳೆದು ತೋರಿಸಿದರು.

ಎಲ್ಲರೂ ಫೋಟೋ ತೆಗೆಯೋದು ಜಾನ್ ಬ್ರೌನ್ ಕೋಟೆಯ ಮುಂದೆ. ಕೋಟೆ ಅಂತ ಹೆಸರೇ ಹೊರತು ಅದು ಕಾರ್ಖಾನೆಯ ಬೆಂಕಿ ಆರಿಸುವ ಬಂಡಿ ನಿಲ್ಲಿಸುತ್ತಿದ್ದ ಇಟ್ಟಿಗೆಯ ಸಣ್ಣ ಕಟ್ಟಡ. 1859ರ ಅಕ್ಟೋಬರ್ 16ರ ರಾತ್ರಿ ಜಾನ್ ಬ್ರೌನ್ 21 ಜನರನ್ನು ಕಟ್ಟಿಕೊಂಡು ಈ ಊರಿಗೆ ನುಗ್ಗಿದ. ಉಗ್ರಾಣದ ಬಂದೂಕು ವಶ ಮಾಡಿಕೊಂಡು ಗುಲಾಮರ ಕೈಗೆ ಕೊಟ್ಟು, ಗುಲಾಮಗಿರಿಯನ್ನೇ ಮುರಿಯುವುದು ಅವನ ಲೆಕ್ಕ. 18ರ ಬೆಳಿಗ್ಗೆ ರಾಬರ್ಟ್ ಲೀ (ಮುಂದೆ ಯುದ್ಧದಲ್ಲಿ ದಕ್ಷಿಣದ ಸೇನಾಪತಿಯಾದವನು ಇವನೇ) ನೇತೃತ್ವದ ಸರ್ಕಾರಿ ಪಡೆ ಈ ಬಾಗಿಲು ಒಡೆದು ಅವನನ್ನು ಹಿಡಿಯಿತು. ಡಿಸೆಂಬರ್ 2ಕ್ಕೆ ಹತ್ತಿರದ ಚಾರ್ಲ್ಸ್ ಟೌನ್‌ನಲ್ಲಿ ಗಲ್ಲು.

ಆ ದಾಳಿಯಲ್ಲಿ ಮೊದಲು ಸತ್ತಿದ್ದು ಹೇವರ್ಡ್ ಶೆಫರ್ಡ್, ರೈಲ್ವೆಯಲ್ಲಿ ಸಾಮಾನು ಹೊರುತ್ತಿದ್ದ ಒಬ್ಬ ಸ್ವತಂತ್ರ ಕಪ್ಪು ಮನುಷ್ಯ. ಗುಲಾಮಗಿರಿ ಮುರಿಯಲು ಬಂದವರ ಗುಂಡಿಗೇ ಅವನು ಬಲಿಯಾದ. ಬ್ರೌನ್ ಕಡೆಯವರಲ್ಲಿ ಮೊದಲು ಬಿದ್ದವನು ಡೇಂಜರ್‌ಫೀಲ್ಡ್ ನ್ಯೂಬಿ. ಅವನ ಹೆಂಡತಿ ಹ್ಯಾರಿಯೆಟ್ ಮತ್ತು ಮಕ್ಕಳು ವರ್ಜೀನಿಯಾದಲ್ಲಿ ಗುಲಾಮರಾಗಿದ್ದರು. ಯಜಮಾನ ನನ್ನನ್ನು ಮಾರಿಬಿಟ್ಟಾನು, ಬೇಗ ಬಂದು ಬಿಡಿಸಿಕೋ ಅಂತ ಅವಳು ಬರೆದ ಕಾಗದಗಳು ಅವನ ಹೆಣದ ಮೇಲೆ ಸಿಕ್ಕವು. ಆಮೇಲೆ ಅವಳನ್ನು ದೂರದ ಲೂಯಿಸಿಯಾನಾಕ್ಕೆ ಮಾರಿದರು. ಬ್ರೌನ್ ಸರಿಯೋ ತಪ್ಪೋ ಅಂತ ಇವತ್ತಿಗೂ ವಾದ ನಡೆಯುತ್ತದೆ. ಹ್ಯಾರಿಯೆಟ್‌ಳ ಕಾಗದಗಳ ವಿಷಯ ತಿಳಿದ ಮೇಲೆ ನನಗೆ ಆ ವಾದದಲ್ಲಿ ಅಷ್ಟು ಆಸಕ್ತಿ ಉಳಿದಿಲ್ಲ. ಅವಳಿಗೆ ಬೇರೆ ಯಾವ ದಾರಿ ಇತ್ತು ಅಂತ ಯಾರಾದರೂ ಹೇಳಲಿ.

ಮುಂದಿನದು ಊರಿನ ಕಥೆ. 1861ರ ಏಪ್ರಿಲ್ 17ಕ್ಕೆ ವರ್ಜೀನಿಯಾ ಒಕ್ಕೂಟದಿಂದ, ಅಂದರೆ ಲಿಂಕನ್ ಸರ್ಕಾರದಿಂದ, ಹೊರಬಿದ್ದು ದಕ್ಷಿಣದ ರಾಜ್ಯಗಳ ಕಡೆ ಸೇರಲು ತೀರ್ಮಾನಿಸಿತು. ಆಗ ಈ ಊರೂ ವರ್ಜೀನಿಯಾಕ್ಕೇ ಸೇರಿತ್ತು. ಬಂದೂಕಿಗಾಗಿ ವರ್ಜೀನಿಯಾದ ಪಡೆ ಹೊರಟಿತು. ಇಲ್ಲಿದ್ದ ಒಕ್ಕೂಟದ ಸೈನಿಕರು ಐವತ್ತು ಜನವೂ ಇರಲಿಲ್ಲ. ಅವರ ಅಧಿಕಾರಿ ಲೆಫ್ಟಿನೆಂಟ್ ರೋಜರ್ ಜೋನ್ಸ್. 18ರ ರಾತ್ರಿ ಆತ ಉಗ್ರಾಣಕ್ಕೂ ಕಾರ್ಖಾನೆಗೂ ಬೆಂಕಿ ಇಡಿಸಿ ನದಿ ದಾಟಿ ಹೋದ. ಸುಮಾರು 15,000 ಬಂದೂಕು ಸುಟ್ಟುಹೋದವು. ಕಾರ್ಖಾನೆ ಕಡೆಯ ಬೆಂಕಿಯನ್ನು ಊರಿನವರೇ ಓಡಿಬಂದು ಆರಿಸಿದರು. ಅವರಿಗೆ ಆ ಹೊತ್ತಿಗೆ ಉತ್ತರ, ದಕ್ಷಿಣ ಯಾವುದೂ ಕಾಣಲಿಲ್ಲ. ಉರಿಯುತ್ತಿದ್ದದ್ದು ಅವರ ಅನ್ನ.

ಉಳಿಸಿದ ಯಂತ್ರಗಳು ಏನಾದವು? ಬಂದ ದಕ್ಷಿಣದ ಸೈನ್ಯ ಎಲ್ಲವನ್ನೂ ಬಿಚ್ಚಿ ಸಾಗಿಸಿತು. ಕೆಲವು ರಿಚ್ಮಂಡ್‌ಗೆ, ಕೆಲವು ನಾರ್ತ್ ಕ್ಯಾರೊಲಿನಾದ ಫೇಯೆಟ್‌ವಿಲ್‌ಗೆ. ಕೆಲವು ಕೆಲಸಗಾರರು ಯಂತ್ರದ ಹಿಂದೆಯೇ ಸಂಸಾರ ಕಟ್ಟಿಕೊಂಡು ಹೋದರು. ಜೂನ್ 14ಕ್ಕೆ ಅದೇ ಸೈನ್ಯ ರೈಲು ಸೇತುವೆಯನ್ನು ಸಿಡಿಸಿ, ಕಾರ್ಖಾನೆಯ ಕಟ್ಟಡಗಳಿಗೆ ಬೆಂಕಿ ಹಚ್ಚಿ ಹೊರಟಿತು. ಎರಡು ವಾರ ಬಿಟ್ಟು ಮತ್ತೆ ಬಂದು ಶೆನಾಂಡೋವಾ ದಡದ ರೈಫಲ್ ಕಾರ್ಖಾನೆಯನ್ನೂ ಸುಟ್ಟರು. ಆರು ದಶಕದಲ್ಲಿ ಬೆಳೆದದ್ದು ಮೂರು ತಿಂಗಳಲ್ಲಿ ಮುಗಿಯಿತು.

ಅಪ್ಪ ಸುಮ್ಮನೆ ಕೇಳುತ್ತಿದ್ದರು. "ಮಿಷನ್ ಉಳಿಸಿದ್ರು, ಕೆಲಸ ಉಳೀಲಿಲ್ಲ" ಅಂದರು. ಸ್ವಲ್ಪ ಹೊತ್ತಾದ ಮೇಲೆ, "ಹೋಗಲಾರದ ಮಂದಿ ಏನ್ ಮಾಡಿದ್ರವ್ವಾ?" ಅಂತ ಕೇಳಿದರು.

ಹೈ ಸ್ಟ್ರೀಟಿನಲ್ಲಿ ನಡೆಯುತ್ತಾ ನನಗೆ ಗೊತ್ತಿದ್ದಷ್ಟು ಹೇಳಿದೆ. ಫ್ರೆಡರಿಕ್ ರೋಡರ್ ಅಂತ ಒಬ್ಬ ಜರ್ಮನ್ ಮೂಲದವನು ಇಲ್ಲಿ ಸಿಹಿತಿಂಡಿ, ಬೇಕರಿ ಅಂಗಡಿ ಇಟ್ಟಿದ್ದ. ಒಕ್ಕೂಟದ ಪರವಾಗಿದ್ದವನು. 1861ರ ಜುಲೈ 4, ದೇಶದ ಸ್ವಾತಂತ್ರ್ಯದ ದಿನ, ನದಿಯ ಆಚೆ ದಡದಿಂದ ಒಕ್ಕೂಟದ ಸೈನಿಕ ಹಾರಿಸಿದ ಗುಂಡು ತಗುಲಿ ಸತ್ತ. ತನ್ನ ಕಡೆಯವರ ಗುಂಡೇ. ಅವನ ಅಂಗಡಿ ಇದ್ದ ಮನೆ ಈಗಲೂ ಇದೆ. ನಾವು ಅದರ ಮುಂದೆಯೇ ನಿಂತಿದ್ದೆವು.

ಮುಂದಿನ ಫೆಬ್ರುವರಿಯಲ್ಲಿ ಒಕ್ಕೂಟದ ಸೈನ್ಯವೇ ಸಂಗಮದ ತುದಿಯಲ್ಲಿದ್ದ ಹೋಟೆಲು, ಅಂಗಡಿ, ಮನೆಗಳಿಗೆ ಬೆಂಕಿ ಇಟ್ಟಿತು. ಆ ಕಟ್ಟಡಗಳ ಮರೆಯಿಂದ ದಕ್ಷಿಣದವರು ಗುಂಡು ಹಾರಿಸುತ್ತಿದ್ದರು ಅನ್ನುವುದು ಕಾರಣ. ಅಬ್ರಹಾಂ ಹೆರ್ ಎಂಬವನ ಹಿಟ್ಟಿನ ಗಿರಣಿಯ ಕಥೆಯೂ ಹೀಗೇ. ಒಕ್ಕೂಟದವರು ಅವನ ಗೋಧಿಯನ್ನು ನದಿ ದಾಟಿಸಿ ಸಾಗಿಸಿದರು, ಆ ಸಿಟ್ಟಿಗೆ ದಕ್ಷಿಣದವರು ಗಿರಣಿ ಸುಟ್ಟರು. ಒಬ್ಬರು ಬಿಟ್ಟಿದ್ದನ್ನು ಇನ್ನೊಬ್ಬರು ಸುಟ್ಟರು. ಕೊನೆಗೆ ಲೆಕ್ಕ ಹಾಕಿದರೆ ಊರು ಎಂಟು ಸಲ ಕೈ ಬದಲಾಯಿತು.

ಇಲ್ಲಿ ಉಳಿದ ವೈದ್ಯರೊಬ್ಬರ ಮಗಳು ಆಗ ಪುಟ್ಟ ಹುಡುಗಿ. ಅವಳು ದೊಡ್ಡವಳಾದ ಮೇಲೆ ಆ ದಿನಗಳನ್ನು ಬರೆದಿಟ್ಟಳು. ಹೊಟ್ಟೆಗೆ ಏನಾದರೂ ಹೊಂದಿಸಿಕೊಳ್ಳೋದು, ಹಗಲಲ್ಲಿ ಯಾರ ಕಣ್ಣಿಗೂ ಬೀಳದ ಹಾಗೆ ಇರೋದು, ರಾತ್ರಿ ದೀಪದ ಬೆಳಕು ಹೊರಗೆ ಕಾಣದ ಹಾಗೆ ನೋಡಿಕೊಳ್ಳೋದು. ಇಷ್ಟೇ ಬದುಕಾಗಿತ್ತಂತೆ. ಯಾಕೆಂದರೆ ಆಚೆ ದಡದಲ್ಲಿ ಬಂದೂಕು ಹಿಡಿದವನಿಗೆ ಕಂಡಿದ್ದೆಲ್ಲ ಶತ್ರು.

ಮಧ್ಯಾಹ್ನ ನಮ್ಮವರು ಕಾರಿನಲ್ಲಿ ಬಂದು ಸೇರಿದರು. ಚಿತ್ರಾನ್ನ, ಮೊಸರನ್ನ ಕಟ್ಟಿಸಿಕೊಂಡು ಬಂದಿದ್ದರು. ಊಟ ಮುಗಿಸಿ ಬಂಡೆಯಲ್ಲೇ ಕಡಿದ ಮೆಟ್ಟಿಲು ಹತ್ತಿ ಸೇಂಟ್ ಪೀಟರ್ಸ್ ಚರ್ಚಿಗೆ ಹೋದೆವು. ಇಲ್ಲಿನ ಪಾದ್ರಿ ಮೈಕೇಲ್ ಕಾಸ್ಟೆಲೊ ಊರು ಬಿಡಲಿಲ್ಲ. ಶೆಲ್ ಬೀಳಬಾರದು ಅಂತ ಅವರು ಚರ್ಚಿನ ಮೇಲೆ ಬ್ರಿಟನ್ನಿನ ಬಾವುಟ ಹಾರಿಸಿದರಂತೆ. ಬೇರೆ ದೇಶದ ಬಾವುಟ ಕಂಡರೆ ಎರಡೂ ಕಡೆಯವರು ಸುಮ್ಮನಿರುತ್ತಾರೆ ಅನ್ನೋ ಉಪಾಯ. ಚರ್ಚು ಉಳಿಯಿತು. ಇನ್ನೂ ಸ್ವಲ್ಪ ಮೇಲಿನ ಸೇಂಟ್ ಜಾನ್ಸ್ ಚರ್ಚು ಆಸ್ಪತ್ರೆಯಾಗಿ, ಸೈನಿಕರ ವಾಸದ ಮನೆಯಾಗಿ ನಲುಗಿತು. ಈಗ ಬರೀ ಗೋಡೆ ನಿಂತಿದೆ.

ಭಾನುವಾರ

ಬೆಳಿಗ್ಗೆ ಬೇಗ ಎದ್ದು ರೈಲು ಸೇತುವೆಯ ಪಕ್ಕದ ಕಾಲ್ದಾರಿಯಲ್ಲಿ ಪೊಟೊಮ್ಯಾಕ್ ದಾಟಿದೆ. ಮೇರಿಲ್ಯಾಂಡ್ ಹೈಟ್ಸ್ ಹತ್ತೋದು ಅಪ್ಪನಿಗೆ ಕಷ್ಟ, ಅವರು ಕೆಳಗೆ ಹಳೇ ಕಾಲುವೆಯ ದಂಡೆಯಲ್ಲೇ ಅಡ್ಡಾಡುತ್ತೇನೆ ಅಂದರು. ನಾನೊಬ್ಬಳೇ ಹತ್ತಿದೆ. ದಾರಿ ಕಡಿದಾಗಿದೆ, ಆದರೆ ಚೆನ್ನಾಗಿದೆ. ಬಂಡೆಯ ತುದಿಗೆ ಬಂದು ನೋಡಿದರೆ ಊರು ಕಾಲ ಕೆಳಗೇ. ಬೀದಿಯಲ್ಲಿ ನಡೆಯುವವರು, ಚರ್ಚಿನ ಗೋಪುರ, ರೈಲು, ಎಲ್ಲ ಕಾಣುತ್ತದೆ. ಇಲ್ಲಿಂದ ತೋಪು ಹಾರಿಸಿದರೆ ಯಾವ ಮನೆಯೂ ತಪ್ಪಿಸಿಕೊಳ್ಳೋಕೆ ಆಗಲ್ಲ.

1862ರ ಸೆಪ್ಟೆಂಬರಿನಲ್ಲಿ ಆಗಿದ್ದೇ ಅದು. ದಕ್ಷಿಣದ ಸೇನಾನಿ ಸ್ಟೋನ್‌ವಾಲ್ ಜಾಕ್ಸನ್ ಮೂರು ಕಡೆಯಿಂದ ಬಂದು ಊರನ್ನು ಸುತ್ತುಗಟ್ಟಿದ. ಮೇರಿಲ್ಯಾಂಡ್ ಹೈಟ್ಸ್ ಒಕ್ಕೂಟದ ಕೈತಪ್ಪಿತು, ಲೌಡನ್ ಹೈಟ್ಸ್ ಮೇಲೆ ಫಿರಂಗಿಗಳು ಏರಿದವು, ಬೊಲಿವರ್ ಹೈಟ್ಸ್ ಎದುರಿಗೆ ಜಾಕ್ಸನ್ ಸ್ವತಃ ನಿಂತ. ಊರು ಕಾಯುತ್ತಿದ್ದ ಒಕ್ಕೂಟದ ಕರ್ನಲ್ ಡಿಕ್ಸನ್ ಮೈಲ್ಸ್ ಸೆಪ್ಟೆಂಬರ್ 15ಕ್ಕೆ ಶರಣಾಗಲು ಒಪ್ಪಿದ, ಅದೇ ಹೊತ್ತಿಗೆ ಶೆಲ್ ತಗುಲಿ ಗಾಯಗೊಂಡು ಮರುದಿನ ಸತ್ತ. ಸುಮಾರು 12,500 ಸೈನಿಕರು ಸೆರೆಯಾದರು. 1942ರಲ್ಲಿ ಫಿಲಿಪ್ಪೀನ್ಸ್‌ನ ಬಟಾನ್‌ನಲ್ಲಿ ಶರಣಾಗುವ ತನಕ ಅಮೆರಿಕದ ಸೈನ್ಯದ ಇದಕ್ಕಿಂತ ದೊಡ್ಡ ಶರಣಾಗತಿ ಇರಲಿಲ್ಲ. ಹಿಂದಿನ ರಾತ್ರಿ ಒಂದಷ್ಟು ಕುದುರೆ ಸವಾರರು ಮಾತ್ರ ದೋಣಿ ಸೇತುವೆ ದಾಟಿ, ಈ ಗುಡ್ಡದ ಬುಡದ ದಾರಿಯಲ್ಲೇ ಕತ್ತಲಲ್ಲಿ ತಪ್ಪಿಸಿಕೊಂಡರು.

ಇಷ್ಟು ಎಲ್ಲ ಪುಸ್ತಕದಲ್ಲೂ ಸಿಗುತ್ತದೆ. ಕಡಿಮೆ ಸಿಗೋದು ಇನ್ನೊಂದು ಸಂಗತಿ. ಒಕ್ಕೂಟದ ಸೈನ್ಯ ಇದ್ದ ಕಡೆ ಸ್ವಾತಂತ್ರ್ಯ ಸಿಗುತ್ತದೆ ಅಂತ ಸುತ್ತಮುತ್ತಲ ಹೊಲಗಳಿಂದ ತಪ್ಪಿಸಿಕೊಂಡ ನೂರಾರು ಗುಲಾಮರು, ಹೆಂಗಸರು ಮಕ್ಕಳ ಸಮೇತ, ಈ ಊರಿಗೆ ಬಂದು ಸೇರಿದ್ದರು. ಸೋತ ಸೈನಿಕರನ್ನು, ಸದ್ಯಕ್ಕೆ ಮತ್ತೆ ಬಂದೂಕು ಹಿಡಿಯಲ್ಲ ಅಂತ ಮಾತು ತೆಗೆದುಕೊಂಡು ಬಿಟ್ಟು ಕಳಿಸಿದರು. ಇವರನ್ನು ಬಿಡಲಿಲ್ಲ. ಹಿಡಿದು ಮತ್ತೆ ಗುಲಾಮಗಿರಿಗೆ ಅಟ್ಟಿದರು. ಶರಣಾಗತಿಯ ಲೆಕ್ಕದಲ್ಲಿ ಫಿರಂಗಿ ಎಷ್ಟು, ಬಂಡಿ ಎಷ್ಟು ಅಂತ ಬರೆಯುತ್ತಾರೆ. ಇವರ ಹೆಸರುಗಳೂ ಅಲ್ಲಿ ಇರಬೇಕಿತ್ತು ಅಲ್ವಾ?

ಮಧ್ಯಾಹ್ನ ಕಾರಿನಲ್ಲಿ ನದಿಯ ಮೇಲ್ಗಡೆ, ಹನ್ನೆರಡು ಮೈಲಿ ದೂರದ ಶೆಫರ್ಡ್ಸ್‌ಟೌನ್‌ಗೆ ಹೋದೆವು. ಇದೂ ಪೊಟೊಮ್ಯಾಕ್ ದಂಡೆಯ ಪುಟ್ಟ ಊರು. ಕಾಲೇಜು ಇದೆ, ಚೆಂದದ ಪುಸ್ತಕದಂಗಡಿ ಇದೆ. ಜೇಮ್ಸ್ ರಮ್ಸೆ 1787ರಲ್ಲಿ ಉಗಿ ದೋಣಿ ಓಡಿಸಿ ತೋರಿಸಿದ್ದು ಇಲ್ಲೇ. ಯುದ್ಧ ಈ ಊರಿನೊಳಗೆ ನಡೆಯಲಿಲ್ಲ, ಆದರೆ ಯುದ್ಧ ಮುಗಿದ ಮೇಲೆ ಬರುವುದೆಲ್ಲ ಇಲ್ಲಿಗೇ ಬಂತು. ನದಿಯಾಚೆಯ ಆಂಟೀಟಮ್‌ನಲ್ಲಿ 1862ರ ಸೆಪ್ಟೆಂಬರ್ 17ರ ಒಂದೇ ದಿನ ಸತ್ತವರು, ಗಾಯಗೊಂಡವರು, ಕಾಣೆಯಾದವರು ಎಲ್ಲ ಸೇರಿ ಸುಮಾರು 23,000. ಲೀ ಸೈನ್ಯ ನದಿ ದಾಟಿ ಹಿಂದೆ ಸರಿದಾಗ ಗಾಯಾಳುಗಳ ಬಂಡಿಗಳು ಸಾಲುಸಾಲಾಗಿ ಈ ಊರಿಗೆ ನುಗ್ಗಿದವು. ಊರಿನ ಜನಕ್ಕಿಂತ ಗಾಯಾಳುಗಳೇ ಹಲವು ಪಟ್ಟು ಜಾಸ್ತಿ. ಚರ್ಚು, ಶಾಲೆ, ಅಂಗಡಿ, ಮನೆಯ ಜಗಲಿ, ಎಲ್ಲಾ ಕಡೆ ನರಳಾಟ. ಅವರಿಗೆ ಗಂಜಿ ಕಾಯಿಸಿದವರು, ಹಾಸಿಗೆ ಬಟ್ಟೆ ಹರಿದು ಪಟ್ಟಿ ಕಟ್ಟಿದವರು ಊರಿನ ಹೆಂಗಸರು.

ಊರಿಂದ ಒಂದು ಮೈಲಿ ಕೆಳಗೆ ನದಿಯ ಕಡವು ಇದೆ. ನಡೆದೇ ದಾಟಬಹುದಾದ ಜಾಗ. ಪಕ್ಕದಲ್ಲಿ ಸಿಮೆಂಟ್ ಗಿರಣಿಯ ಪಾಳು ಗೋಡೆ. ಸೆಪ್ಟೆಂಬರ್ 20ರಂದು ಲೀ ಬೆನ್ನು ಹತ್ತಿ ಬಂದ ಪೆನ್ಸಿಲ್ವೇನಿಯಾದ 118ನೇ ರೆಜಿಮೆಂಟ್ ಇಲ್ಲಿ ಸಿಕ್ಕಿಬಿತ್ತು. ಹೊಸ ಹುಡುಗರು, ಕೈಯಲ್ಲಿದ್ದ ಬಂದೂಕುಗಳಲ್ಲಿ ಎಷ್ಟೋ ಕೆಟ್ಟಿದ್ದವು. ಹಿಂದೆ ಕಡಿದಾದ ದಿಬ್ಬ, ಕೆಳಗೆ ನದಿ. ಆ ಒಂದೇ ರೆಜಿಮೆಂಟಿಗೆ 269 ಜನರ ನಷ್ಟ. ನಾವು ಹೋದಾಗ ಅಲ್ಲಿ ಇಬ್ಬರು ಮೀನು ಹಿಡಿಯುತ್ತಿದ್ದರು. ಅಪ್ಪ ಅವರ ಹತ್ತಿರ ಹೋಗಿ ಕೈಸನ್ನೆಯಲ್ಲೇ ಯಾವ ಮೀನು ಅಂತ ವಿಚಾರಿಸಿಕೊಂಡು ಬಂದರು.

ಸೋಮವಾರ

ಹೊರಡುವ ದಿನಕ್ಕೆ ಕ್ಯಾಂಪ್ ಹಿಲ್ ಉಳಿಸಿಕೊಂಡಿದ್ದೆ. ಕೆಳಗಿನ ಪೇಟೆಯಿಂದ ಗುಡ್ಡ ಹತ್ತಿದರೆ ಸಿಗುವ ಸಮತಟ್ಟು. ಬರುವವರಲ್ಲಿ ಹೆಚ್ಚಿನವರು ಕೋಟೆ ನೋಡಿ, ಐಸ್‌ಕ್ರೀಂ ತಿಂದು ವಾಪಸ್ ಹೋಗುತ್ತಾರೆ. ಇಲ್ಲಿ ಜನವೇ ಇರಲಿಲ್ಲ.

ಬಂದೂಕು ಕಾರ್ಖಾನೆಯನ್ನು ಸರ್ಕಾರ ಮತ್ತೆ ಕಟ್ಟಲಿಲ್ಲ. ಯುದ್ಧ ಮುಗಿದ ಮೇಲೆ ಜಾಗವನ್ನೇ ಹರಾಜಿಗೆ ಹಾಕಿತು. 1870ರ ನೆರೆ ಬಂದು ಶೆನಾಂಡೋವಾ ದಡದ ವರ್ಜೀನಿಯಸ್ ದ್ವೀಪದ ಮನೆಗಳನ್ನು, ಗಿರಣಿಗಳನ್ನು ಕೊಚ್ಚಿಕೊಂಡು ಹೋಯಿತು, 40ಕ್ಕೂ ಹೆಚ್ಚು ಜನ ಸತ್ತರು. ಊರು ಇನ್ನು ಏಳೋದಿಲ್ಲ ಅನ್ನುವ ಸ್ಥಿತಿ. ಅಂಥ ಹೊತ್ತಲ್ಲಿ ಊರಿಗೆ ಹೊಸ ಜೀವ ಬಂದಿದ್ದು ಈ ಕ್ಯಾಂಪ್ ಹಿಲ್‌ನಿಂದ, ಬಿಡುಗಡೆಯಾದ ಗುಲಾಮರಿಂದ.

ಕಾರ್ಖಾನೆಯ ಸಂಬಳ ಬಟವಾಡೆ ಮಾಡುವ ಅಧಿಕಾರಿಗೆ ಕಟ್ಟಿದ್ದ ದೊಡ್ಡ ಮನೆ ಇಲ್ಲಿದೆ. ಲಾಕ್‌ವುಡ್ ಹೌಸ್ ಅಂತಾರೆ. ಯುದ್ಧದಲ್ಲಿ ಅದು ಆಸ್ಪತ್ರೆಯಾಗಿ, ಸೇನಾ ಕಚೇರಿಯಾಗಿ ಜಖಂ ಆಗಿತ್ತು. ನೇಥನ್ ಬ್ರಾಕೆಟ್ ಅನ್ನುವ ಪಾದ್ರಿ ಅಲ್ಲಿ ಪಾಠ ಶುರುಮಾಡಿದರು. ಮೇಯ್ನ್ ರಾಜ್ಯದ ಜಾನ್ ಸ್ಟೋರರ್ ಎಂಬ ವ್ಯಾಪಾರಿ 10,000 ಡಾಲರ್ ಕೊಟ್ಟರು. 1867ರಲ್ಲಿ ಆ ಮನೆಯಲ್ಲಿ 19 ವಿದ್ಯಾರ್ಥಿಗಳೊಂದಿಗೆ ಸ್ಟೋರರ್ ಕಾಲೇಜು ಶುರುವಾಯಿತು. ಐದು ವರ್ಷದ ಹಿಂದೆ ಕಪ್ಪು ಜನರನ್ನು ಹಿಡಿದು ಸಾಗಿಸಿದ ಅದೇ ಊರಲ್ಲಿ ಅವರಿಗೆ ಅಕ್ಷರ ಕಲಿಸುವ ಶಾಲೆ. ಅಕ್ಷರ ಕಲಿತದ್ದಕ್ಕೇ ಶಿಕ್ಷೆ ಕೊಡುತ್ತಿದ್ದ ಕಾಲ ಕಂಡವರು ಅಲ್ಲಿ ಬೆಂಚಿನ ಮೇಲೆ ಕೂತರು.

1881ರ ಮೇ 30ಕ್ಕೆ ಫ್ರೆಡರಿಕ್ ಡಗ್ಲಸ್ ಇಲ್ಲಿ ಬಂದು ಜಾನ್ ಬ್ರೌನ್ ಬಗ್ಗೆ ಭಾಷಣ ಮಾಡಿದರು. ಡಗ್ಲಸ್ ಸ್ವತಃ ಗುಲಾಮಗಿರಿಯಿಂದ ಓಡಿಬಂದವರು, ಬ್ರೌನ್ ಅವರನ್ನು ತನ್ನ ಜೊತೆ ದಾಳಿಗೆ ಕರೆದಿದ್ದ. ಆ ದಿನ ವೇದಿಕೆಯ ಮೇಲೆ ಕೂತಿದ್ದವರಲ್ಲಿ ಆ್ಯಂಡ್ರೂ ಹಂಟರ್ ಕೂಡ ಒಬ್ಬರು. ಬ್ರೌನ್‌ಗೆ ಗಲ್ಲು ಆಗಬೇಕು ಅಂತ ಕೋರ್ಟಿನಲ್ಲಿ ವಾದಿಸಿದ ವಕೀಲ ಇದೇ ಹಂಟರ್. ಇದನ್ನು ಹೇಳಿದಾಗ ಅಪ್ಪ ಒಂದು ಕ್ಷಣ ನಿಂತುಬಿಟ್ಟರು. "ಆ ಮನುಷ್ಯಾನೂ ಬಂದು ಕೂತನಲ್ಲ, ಅದೂ ದೊಡ್ಡದು" ಅಂದರು.

1906ರ ಆಗಸ್ಟಿನಲ್ಲಿ ಕಪ್ಪು ಜನರ ಸಮಾನ ಹಕ್ಕಿಗಾಗಿ ಡಬ್ಲ್ಯೂ. ಇ. ಬಿ. ಡು ಬಾಯ್ಸ್ ಮತ್ತು ಜೊತೆಗಾರರು ಕಟ್ಟಿದ ನಯಾಗರಾ ಚಳವಳಿಯ ಸಭೆ ಇದೇ ಕಾಲೇಜಿನಲ್ಲಿ ನಡೆಯಿತು. ಒಂದು ಬೆಳಿಗ್ಗೆ ಅವರೆಲ್ಲ ಜಾನ್ ಬ್ರೌನ್ ಕೋಟೆಗೆ ಮೆರವಣಿಗೆಯಲ್ಲಿ ಹೋದರು, ಹತ್ತಿರ ಬಂದಾಗ ಚಪ್ಪಲಿ ಬಿಟ್ಟು ಬರಿಗಾಲಲ್ಲಿ ನಡೆದರು. ಆಗ ಕೋಟೆ ಇದ್ದದ್ದು ಊರಾಚೆಯ ಮರ್ಫಿ ಹೊಲದಲ್ಲಿ. ಆ ಪುಟ್ಟ ಕಟ್ಟಡವನ್ನು ಇಟ್ಟಿಗೆ ಇಟ್ಟಿಗೆ ಬಿಚ್ಚಿ 1893ರ ಶಿಕಾಗೊ ಮಹಾಮೇಳದ ಹೊತ್ತಿಗೆ ಅಲ್ಲಿಗೆ ಒಯ್ದಿದ್ದರು, ನೋಡುವವರೇ ಬರಲಿಲ್ಲ. ವಾಪಸ್ ತಂದು ಹೊಲದಲ್ಲಿ ನಿಲ್ಲಿಸಿದರು. 1909ರಲ್ಲಿ ಸ್ಟೋರರ್ ಕಾಲೇಜು ಅದನ್ನು ಕೊಂಡು ತನ್ನ ಅಂಗಳಕ್ಕೆ ತಂದಿತು. 1968ರಲ್ಲಿ ಕೆಳಗೆ ಈಗಿನ ಜಾಗಕ್ಕೆ ಹೋಯಿತು. ಮೂಲ ಜಾಗದ ಮೇಲೆ ರೈಲಿನ ಏರಿ ಕೂತಿರೋದರಿಂದ ಸ್ವಲ್ಪ ಪಕ್ಕಕ್ಕೆ.

ಸ್ಟೋರರ್ ಕಾಲೇಜು 1955ರಲ್ಲಿ ಮುಚ್ಚಿತು. ಶಾಲೆಗಳಲ್ಲಿ ಬಿಳಿಯರು ಕರಿಯರು ಅಂತ ಬೇರೆ ಮಾಡಬಾರದು ಅನ್ನುವ ಸುಪ್ರೀಂ ಕೋರ್ಟ್ ತೀರ್ಪಿನ ಮರುವರ್ಷ. ರಾಜ್ಯ ಸರ್ಕಾರ ಕೊಡುತ್ತಿದ್ದ ಹಣ ನಿಂತಿತು. ಅಷ್ಟರಲ್ಲಿ ಇಲ್ಲಿ ಓದಿ ಶಿಕ್ಷಕರಾಗಿ ಹೋದವರು ಬಹಳ. ಮುಂದೆ ನೈಜೀರಿಯಾದ ಮೊದಲ ಅಧ್ಯಕ್ಷರಾದ ನಾಮ್ಡಿ ಅಜಿಕಿವೆ ಕೂಡ ಇಪ್ಪತ್ತರ ದಶಕದಲ್ಲಿ ಇಲ್ಲಿ ಓದಿದ್ದರು.

ಈ ಕಡೆ ಇರುವ ಕನ್ನಡದವರು ಮಕ್ಕಳನ್ನು ಕರೆದುಕೊಂಡು ಇಲ್ಲಿಗೆ ಬರುವುದಾದರೆ ಕೆಳಗಿನ ಪೇಟೆಯಿಂದಲೇ ಹಿಂದಿರುಗಬೇಡಿ. ಸೇಂಟ್ ಪೀಟರ್ಸ್ ಮೆಟ್ಟಿಲು ಹತ್ತಿ, ಜೆಫರ್ಸನ್ ಬಂಡೆ ದಾಟಿ, ಸ್ಮಶಾನದ ಪಕ್ಕದ ದಾರಿಯಲ್ಲಿ ಕ್ಯಾಂಪ್ ಹಿಲ್ ಸೇರಬಹುದು. ವಯಸ್ಸಾದವರು ಜೊತೆಗಿದ್ದರೆ ಕಾರಿನಲ್ಲೇ ಮೇಲಕ್ಕೆ ಹೋಗಿ. ಮೇರಿಲ್ಯಾಂಡ್ ಹೈಟ್ಸ್‌ಗೆ ನೀರು, ಒಳ್ಳೆ ಶೂ ಬೇಕೇ ಬೇಕು. ಶನಿವಾರ, ಭಾನುವಾರ ಆ ಲೋಕಲ್ ಗಾಡಿ ಓಡುವುದಿಲ್ಲ, ಅದನ್ನು ನೋಡಿಕೊಂಡು ಹೊರಡಿ.